ಘಟಸರ್ಪಕ್ಕೆ ಕಾಲು ಮೂಡಿದ ಬಗೆ

ಮಕ್ಕಳ ಚಿತ್ರಪುಸ್ತಕವೊಂದು ಒಂದು ಭಾಷೆಯಿಂದ ಇನ್ನೊಂದು ಭಾಷೆಗೆ ಬರುವಾಗ ಅದರ ಮಾತು ಬದಲಾಗುತ್ತದೆಯೇ ಹೊರತು ಚಿತ್ರ ಬದಲಾಗುವುದಿಲ್ಲವಾದ್ದರಿಂದ, ಒಂದೇ ಪುಟದ ಮೇಲಿನ ಪದವೂ ಚಿತ್ರವೂ ಬೇರೆ ಬೇರೆ ಊರಿನಿಂದ ಮದುವೆಗೆ ಬಂದ ನೆಂಟರಂತೆ ಪರಸ್ಪರ ಗುರುತಿಲ್ಲದೆ ಅಕ್ಕಪಕ್ಕ ಕುಳಿತಿರುವ ಪ್ರಸಂಗಗಳು ಕನ್ನಡದ ಅನುವಾದಿತ ಬಾಲಸಾಹಿತ್ಯದಲ್ಲಿ ಮೇಲಿಂದ ಮೇಲೆ ಒದಗುತ್ತವೆ. ಡ್ರ್ಯಾಗನ್ ಎಂಬ ಕಲ್ಪಿತ ಪ್ರಾಣಿಯ ವಿಷಯದಲ್ಲಿ ಈ ಅಪರಿಚಯ ಎದ್ದು ಕಾಣುತ್ತದೆ. ಯುರೋಪಿನ ಚಿತ್ರಕಾರರು ಬರೆದ ಆ ಪ್ರಾಣಿಗೆ ಉಗುರುಳ್ಳ ನಾಲ್ಕು ಕಾಲು, ಬಾವಲಿಗಿರುವಂಥ ಚರ್ಮದ ಎರಡು ರೆಕ್ಕೆ, ಹಲ್ಲಿಯ ಮೈ, ಬೆಂಕಿಯುಗುಳುವ ಬಾಯಿ ಇದ್ದರೆ, ಕನ್ನಡದ ಅನುವಾದಕರು ಅದಕ್ಕೆ ಬಹುಕಾಲ ಕೊಡುತ್ತ ಬಂದ ಹೆಸರು ಘಟಸರ್ಪ. ಕನ್ನಡ ಬೈಬಲ್ಲಿನ ಕೊನೆಯ ಪುಸ್ತಕವಾದ ‘ಪ್ರಕಟನೆ’ಯಲ್ಲಿ ಬರುವ ಕೆಂಪು ಡ್ರ್ಯಾಗನ್‌ಗೂ ಇದೇ ಹೆಸರಿದೆ. ಆದರೆ ಘಟಸರ್ಪವೆಂದರೆ ಕನ್ನಡದ ಕಿವಿಗೆ ದೊಡ್ಡ ಹೆಡೆಯ ನಾಗರಹಾವು. ಅದಕ್ಕೆ ಕಾಲಿಲ್ಲ, ರೆಕ್ಕೆಯಿಲ್ಲ, ಅದರ ಬಾಯಲ್ಲಿರುವುದು ಬೆಂಕಿಯಲ್ಲ, ವಿಷ.

ಹಾಗೆಂದು ಈ ಅನುವಾದವನ್ನು ತಪ್ಪೆಂದು ತಳ್ಳಿಹಾಕುವಂತೆಯೂ ಇಲ್ಲ. ಇಂಗ್ಲಿಷಿನ ಡ್ರ್ಯಾಗನ್ ಪದದ ಮೂಲವಾದ ಗ್ರೀಕಿನ ‘ದ್ರಾಕೋನ್’ಗೆ ಮೊದಲಿದ್ದ ಅರ್ಥ ದೊಡ್ಡ ಹಾವು ಎಂದೇ, ಆ ಪದ ಹುಟ್ಟಿದ್ದು ‘ನೋಡು’ ಎಂಬ ಅರ್ಥದ ಧಾತುವಿನಿಂದ, ಮತ್ತು ಆ ಧಾತು ಸಂಸ್ಕೃತದ ‘ದೃಶ್’ ಧಾತುವಿನ ದಾಯಾದಿಯೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರಾದ್ದರಿಂದ, ಕನ್ನಡಿಗರು ದಿನಬೆಳಗಾದರೆ ಬಳಸುವ ‘ದೃಷ್ಟಿ’ ಎಂಬ ಮಾತೂ ಡ್ರ್ಯಾಗನ್ ಎಂಬ ಮಾತೂ ಒಂದೇ ಬೇರಿನಿಂದ ಒಡೆದ ಚಿಗುರುಗಳಾಗುತ್ತವೆ. ರೆಪ್ಪೆ ಮಿಟುಕಿಸದೆ ನೋಡುವುದೇ ಹಾವಿನ ಗುರುತೆಂದು ಗ್ರೀಕರು ತಿಳಿದಂತೆ, ಕಿವಿಯಿಲ್ಲದ ಆ ಪ್ರಾಣಿ ಕಣ್ಣಿನಿಂದಲೇ ಕೇಳುತ್ತದೆಂದು ಬಗೆದು ಸಂಸ್ಕೃತದ ನಿಘಂಟುಕಾರರು ಅದನ್ನು ‘ಚಕ್ಷುಃಶ್ರವ’ ಎಂದು ಕರೆದರು. ರಷ್ಯನ್ನರ ಮೂರು ತಲೆಯ ‘ಜ್ಮೇಯ್ ಗೊರಿನಿಚ್’ನ ಹೆಸರಿನಲ್ಲಿಯೂ ಇರುವುದು ಹಾವೆಂಬ ಪದದ ಗಂಡುರೂಪವೇ. ಅಂದರೆ ಹೆಸರಿನ ಮಟ್ಟಿಗೆ ಎಲ್ಲರದೂ ಹಾವು. ಕಾಲು, ರೆಕ್ಕೆ, ಬೆಂಕಿಗಳು ಯುರೋಪಿನ ಹಸ್ತಪ್ರತಿಗಳ ಚಿತ್ರಕಾರರು ನೂರಾರು ವರ್ಷಗಳಲ್ಲಿ ಒಂದೊಂದಾಗಿ ಸೇರಿಸುತ್ತ ಹೋದವು. ಆ ಸೇರ್ಪಡೆಗಳೆಲ್ಲ ಮುಗಿದ ಮೇಲೆ ಸಿದ್ಧವಾದ ಚಿತ್ರ, ಸೇರ್ಪಡೆಗೂ ಮುಂಚಿನ ಹೆಸರನ್ನು ಹೊತ್ತು ಕನ್ನಡದ ಮಗುವಿನ ಕೈಗೆ ಬಂದಿತು.

ಆ ಮಗು ಚಿತ್ರವನ್ನು ಹೇಗೆ ಓದಿಕೊಂಡಿತೆಂಬುದಕ್ಕೆ ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳಲ್ಲಿ ಕಳೆದ ಒಂದು ಬಾಲ್ಯದ ನೆನಪುಗಳು ಇಲ್ಲಿ ಆಧಾರವಾಗಿವೆ. 1997ರಲ್ಲಿ ಹಾವೇರಿ ಜಿಲ್ಲೆ ರೂಪುಗೊಳ್ಳುವವರೆಗೆ ಈ ನಾಲ್ಕೂ ಧಾರವಾಡ ಜಿಲ್ಲೆಗೆ ಸೇರಿದ್ದವು. ಹೊಸ ಜಿಲ್ಲೆಗೆ ಹೆಸರು ಕೊಟ್ಟ ಹಾವೇರಿಯು ‘ಹಾವು’ ಮತ್ತು ‘ಕೇರಿ’ ಎಂಬ ಪದಗಳು ಕೂಡಿ ಆದದ್ದೆಂಬ ನಿರುಕ್ತಿ, ಎಂದರೆ ಪದದ ಹುಟ್ಟನ್ನು ಕುರಿತ ವಿವರಣೆ, ಜನರಲ್ಲಿ ಪ್ರಚಲಿತವಾಗಿರುವುದು ಪ್ರಸ್ತುತ ವಿಷಯಕ್ಕೆ ತಾನಾಗಿ ಒದಗಿಬಂದ ಶಕುನದಂತಿದೆ. ನೆನಪಿನ ಒಡೆಯನಾದ ಬಾಲಕ 1970ರ ದಶಕದಲ್ಲಿ ಹಾನಗಲ್ಲಿನಲ್ಲಿ ಪ್ರಾಥಮಿಕ ಶಾಲೆ ಓದಿದವನು. ತಾಯಿಯ ತವರು ಸವಣೂರು, ಸೋದರತ್ತೆಯನ್ನು ಕೊಟ್ಟದ್ದು ಶಿಗ್ಗಾಂವಿ ತಾಲೂಕಿನ ಬಂಕಾಪುರಕ್ಕೆ, ಚಿಗವ್ವನ, ಅಂದರೆ ತಾಯಿಯ ತಂಗಿಯ, ಮನೆ ಹಿರೇಕೆರೂರಿನ ಕಡೆಯ ಹಳ್ಳಿಯಲ್ಲಿ. ಹೀಗಾಗಿ ರಜೆ ಬಂದರೆ ಈ ನಾಲ್ಕು ಊರುಗಳ ನಡುವಿನ ಕೆಂಪು ಬಸ್ಸೇ ಅವನ ಲೋಕಸಂಚಾರ.

ಹಾನಗಲ್ಲು ಶಾಸನಗಳ ಕಾಲದಲ್ಲಿ ಪಾನುಂಗಲ್ಲು ಎನಿಸಿಕೊಂಡು, ಕದಂಬರ ಒಂದು ಶಾಖೆಗೆ ರಾಜಧಾನಿಯಾಗಿದ್ದ ಊರು. ಪಾಂಡವರು ಅಜ್ಞಾತವಾಸ ಕಳೆದ ವಿರಾಟನಗರವೇ ಇದೆಂಬ ಸ್ಥಳಪುರಾಣವೂ ಅದಕ್ಕಿದೆ. ಅಲ್ಲಿನ ತಾರಕೇಶ್ವರ ಗುಡಿ ಕಲ್ಯಾಣ ಚಾಲುಕ್ಯ ಶೈಲಿಯ ದೊಡ್ಡ ಗುಡಿಗಳಲ್ಲೊಂದಾಗಿದ್ದು, ಅದರ ಮಂಟಪದ ‘ಭುವನೇಶ್ವರಿ’, ಅಂದರೆ ಕೆತ್ತನೆಯ ಚಾವಣಿ, ತಲೆಕೆಳಗಾಗಿ ಅರಳಿದ ಬೃಹತ್ ಕಮಲದಂತಿರುವುದರಿಂದ, ಬಂದವರೆಲ್ಲ ಕತ್ತು ನೋಯುವತನಕ ಮೇಲೆಯೇ ನೋಡುತ್ತಾರೆ. ಮಕ್ಕಳ ಕಣ್ಣು ಮಾತ್ರ ಅಷ್ಟು ಮೇಲಕ್ಕೆ ಹೋಗುವುದಿಲ್ಲ. ಕೈಗೆ ಸಿಗುವ ಎತ್ತರದ ಪ್ರಾಣಿಗಳೇ ಅವರಿಗೆ ಬೇಕು. ಈ ಸೀಮೆಯ ಹಳೆಯ ಗುಡಿಗಳಿಗೆ ಬಳಸಿರುವ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಬರಬರುತ್ತ ಗಟ್ಟಿಯಾಗುವ ಜಾತಿಯದಾದ್ದರಿಂದ ಶಿಲ್ಪಿಗೆ ಅದರಲ್ಲಿ ಕೂದಲೆಳೆಯಷ್ಟು ಸೂಕ್ಷ್ಮ ಕೆಲಸ ಮಾಡಲು ಬರುತ್ತಿತ್ತು. ಶಾಲೆಯ ಪಾಟಿಯ ಮೇಲೆ ಗೀಚುವ ಬಳಪಕ್ಕೂ ಗುಡಿಯ ಗೋಡೆಗೂ ಹೆಸರಿನಲ್ಲಿ ನಂಟಿದೆ ಎಂಬುದು ಆ ಬಾಲಕನಿಗೆ ಬಹಳ ದಿನ ಹೆಮ್ಮೆಯ ಸಂಗತಿಯಾಗಿತ್ತು.

ಆ ಕಲ್ಲಿನಲ್ಲಿ ಅವನಿಗೆ ಸಿಕ್ಕ ಪ್ರಾಣಿ ಮಕರ. ಮಕರವೆಂದರೆ ಮೊಸಳೆಯೆಂದು ನಿಘಂಟು ಹೇಳಿದರೂ ಶಿಲ್ಪದ ಮಕರ ಹಲವು ಪ್ರಾಣಿಗಳ ಕೂಡಿಕೆ: ಮೊಸಳೆಯ ಬಾಯಿ, ಆನೆಯ ಸೊಂಡಿಲು, ಸಿಂಹದ ಪಾದ, ಹಂದಿಯ ದುಂಡು ಮೈ, ನವಿಲಿನ ಬಾಲ ಎಂದು ಬೇಲೂರು ಹಳೇಬೀಡುಗಳ ಮಾರ್ಗದರ್ಶಿಗಳು ಬೆರಳು ಮಡಚಿ ಎಣಿಸುವ ಪಟ್ಟಿ ಪ್ರಸಿದ್ಧವೇ ಆಗಿದೆ. ಹತ್ತಿರದಿಂದ ನೋಡಿದರೆ ಅದರ ಸೊಂಡಿಲು ಮೇಲಕ್ಕೆ ಸುರುಳಿ ಸುತ್ತಿಕೊಂಡಿರುತ್ತದೆ. ಕೆಳಗೆ ಬಾಯಿ ಆಕಳಿಸುವಂತೆ ತೆರೆದು, ಜೋಳದ ತೆನೆಯಲ್ಲಿ ಕಾಳು ಕೂಡಿಸಿದಂತೆ ಹಲ್ಲಿನ ಸಾಲು ಕಾಣುತ್ತದೆ. ಕಣ್ಣು ಗುಂಡಗೆ ಹೊರಚಾಚಿರುತ್ತದೆ. ಬಾಲವೆಂಬುದು ಬಾಲವಾಗಿ ಮುಗಿಯದೆ ಎಲೆಬಳ್ಳಿಯಾಗಿ ಒಡೆದು ಗೋಡೆಯ ತುಂಬ ಹಬ್ಬಿಕೊಳ್ಳುತ್ತದೆ. ಇಂಥ ಎರಡು ಮಕರಗಳು ಒಂದಕ್ಕೊಂದು ಬೆನ್ನು ತಿರುಗಿಸಿ ಅಥವಾ ಎದುರುಬದುರಾಗಿ ನಿಂತು ಕಲ್ಲಿನ ಹಾರವನ್ನು ಹಿಡಿದಿರುವ ಕಮಾನಿಗೆ ಮಕರತೋರಣವೆಂದು ಹೆಸರು. ಗುಡಿಗೆ ಹೋಗದವರಿಗೂ ಅದರ ಪರಿಚಯವುಂಟು; ಮನೆಯ ದೇವರ ಜಗಲಿಯ ಮೇಲಿನ ಹಿತ್ತಾಳೆಯ ಪ್ರಭಾವಳಿಯ ಎರಡು ಬುಡಗಳಲ್ಲಿಯೂ ಹೆಂಗಸರ ಕಡಗದ ಎರಡು ತುದಿಗಳಲ್ಲಿಯೂ ಬಾಯಿ ತೆರೆದು ಕುಳಿತಿರುವುದು ಇದೇ ಪ್ರಾಣಿ. ಎಷ್ಟೋ ಕಡೆ ಅದರ ಬಾಯಲ್ಲಿ ಕತ್ತಿ ಹಿಡಿದ ಪುಟ್ಟ ಆಳೊಬ್ಬನಿರುತ್ತಾನೆ. ಅವನನ್ನು ಅದು ನುಂಗುತ್ತಿದೆ ಎಂದೇ ಆ ಕಾಲದ ಹುಡುಗರೆಲ್ಲರ ತೀರ್ಮಾನವಾಗಿತ್ತು.

ಚಿತ್ರಪುಸ್ತಕದ ಡ್ರ್ಯಾಗನ್ ಈ ಮಕರದ ಮೇಲೆ ಬಂದು ಕುಳಿತ ಬಗೆಯನ್ನು ಒಂದು ಸಣ್ಣ ಅವಮಾನದ ಮೂಲಕ ನೆನೆಯಬೇಕಾಗುತ್ತದೆ. ನಾಲ್ಕನೆಯ ತರಗತಿಯಲ್ಲಿ ಕಥೆಯೊಂದನ್ನು ಓದಿ ಹೇಳಿದ ಶಿಕ್ಷಕರು ಅದರಲ್ಲಿನ ಘಟಸರ್ಪವನ್ನು ಪಾಟಿಯ ಮೇಲೆ ಬರೆಯಲು ಹೇಳಿದಾಗ, ಪುಸ್ತಕದ ಚಿತ್ರವನ್ನು ದೂರದಿಂದಷ್ಟೇ ಕಂಡಿದ್ದ ಬಾಲಕ ಅದಕ್ಕೆ ರೆಕ್ಕೆಯನ್ನೂ ಕಾಲನ್ನೂ ಸರಿಯಾಗಿಯೇ ಬರೆದು, ಮುಖದ ಹತ್ತಿರ ಬಂದಾಗ ಕೈ ತನ್ನಷ್ಟಕ್ಕೆ ಮೇಲಕ್ಕೆ ತಿರುಗಿ ಒಂದು ಸೊಂಡಿಲನ್ನೂ ಸೇರಿಸಿಬಿಟ್ಟಿತು. ‘ಲೇ, ಸೊಂಡ್ಲಿ ಎಲ್ಲಿಂದ ಬಂತಲೇ ಇದಕ್ಕ? ಇದೇನು ಗಣಪತಿ ಹಬ್ಬನs?’ ಎಂದು ಶಿಕ್ಷಕರು ಕೇಳಿದ್ದಕ್ಕೆ ತರಗತಿಯೆಲ್ಲ ನಕ್ಕಿತು. ಅವರು ತಮ್ಮ ಅಂಗೈಯಿಂದಲೇ ಸೊಂಡಿಲನ್ನು ಒರೆಸಿದರು. ಶಾಲೆಯಿಂದ ಗುಡಿಗೆ ಹತ್ತು ನಿಮಿಷದ ದಾರಿ. ಆ ದಾರಿಯನ್ನು ಯಾರೂ ತೋರಿಸಲಿಲ್ಲವೆಂಬ ಸಿಟ್ಟು ಮುಂದೆ ಬಹಳ ವರ್ಷಗಳ ಮೇಲೆ ಹುಟ್ಟಿದ್ದೇ ಹೊರತು, ಆಗ ಉಳಿದದ್ದು ನಾಚಿಕೆ ಮಾತ್ರ.

ಕಲ್ಲಿನ ಮಕರ ಒಂದು ಪಾಠವಾದರೆ ಮಣ್ಣಿನ ನಾಗ ಇನ್ನೊಂದು. ಉತ್ತರ ಕರ್ನಾಟಕದಲ್ಲಿ ಶ್ರಾವಣದ ನಾಗರ ಪಂಚಮಿಯು ಮಕ್ಕಳ ಮತ್ತು ಹೆಣ್ಣುಮಕ್ಕಳ ಹಬ್ಬ. ಮದುವೆಯಾಗಿ ಹೋದವರು ತವರಿಗೆ ಬರುತ್ತಾರೆ, ಮರಕ್ಕೆ ಜೋಕಾಲಿ ಬೀಳುತ್ತದೆ, ಹುಡುಗರು ಕೊಬ್ಬರಿ ಬಟ್ಟಲಿಗೆ ದಾರ ಪೋಣಿಸಿ ಗಿರಗಿರನೆ ತಿರುಗಿಸುತ್ತಾರೆ, ಮನೆ ಮನೆಯಲ್ಲಿ ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳಿಟ್ಟು, ಜೋಳದ ಅರಳು. ಹಬ್ಬದ ದಿನ ಒಲೆಯ ಮೇಲೆ ಹಂಚು ಇಡಬಾರದೆಂಬ ಕಟ್ಟಳೆಯಿರುವುದರಿಂದ ಹಿಂದಿನ ದಿನವೇ ರೊಟ್ಟಿ ಬಡಿದಿಡುತ್ತಾರಾಗಿ, ಆ ದಿನಕ್ಕೆ ರೊಟ್ಟಿ ಪಂಚಮಿ ಎಂದೇ ಹೆಸರು. ಕಾದ ಹಂಚು ನಾಗಪ್ಪನ ಹೆಡೆಯನ್ನು ಸುಟ್ಟಂತೆ ಎಂಬುದು ಹಿರಿಯರು ಕೊಡುವ ಕಾರಣ. ಮರುದಿನ ಮಣ್ಣಿನ ನಾಗಪ್ಪನಿಗೋ ಹುತ್ತಕ್ಕೋ ಕೊಬ್ಬರಿ ಬಟ್ಟಲಿನಿಂದ ಹಾಲೆರೆಯುವಾಗ ಮಕ್ಕಳು ಒಂದೊಂದು ಹನಿಗೂ ಒಬ್ಬೊಬ್ಬರ ಪಾಲು ಹೇಳುತ್ತಾರೆ. ದೇವರದು, ಗುರುವಿನದು, ಅಪ್ಪನದು, ಅವ್ವನದು, ಊರಿಗೆ ಹೋದ ಅಣ್ಣನದು ಎಂದು ಸಾಗುವ ಈ ಪಟ್ಟಿಯಲ್ಲಿ ಯಾರ ಹೆಸರನ್ನೂ ಮರೆಯುವಂತಿಲ್ಲ, ಮರೆತರೆ ಅವರಿಗೆ ಹಾವಿನ ಭಯ. ಹಾವು ಹೀಗೆ ಮನೆಯ ಲೆಕ್ಕದೊಳಗೆ ಬಂದ ಪ್ರಾಣಿ. ಅದಕ್ಕೆ ಪಾಲು ಕೊಡಬೇಕು, ಕೊಟ್ಟರೆ ಅದು ತನ್ನ ಪಾಡಿಗೆ ತಾನಿರುತ್ತದೆ. ಮಂಗಳೂರಿನಲ್ಲಿ 1921ರಲ್ಲಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿದ ಪಂಜೆ ಮಂಗೇಶರಾಯರು ಮಕ್ಕಳಿಗಾಗಿ ಬರೆದ ‘ಹಾವಿನ ಹಾಡು’ ಶಾಲೆ ಶಾಲೆಯಲ್ಲಿ ಬಾಯಿಪಾಠವಾದದ್ದಕ್ಕೆ, ಅದು ಹಾವಿನೊಡನೆ ಜಗಳ ಕಾಯದೆ ಅದನ್ನು ನಯವಾಗಿ ಮಾತಾಡಿಸುತ್ತದೆ ಎಂಬುದೂ ಒಂದು ಕಾರಣವಿದ್ದೀತು.

ಇಂಥ ಮನೆಗೆ ಸೋವಿಯತ್ ದೇಶದ ಪುಸ್ತಕ ಬಂದಿತು. ಮಾಸ್ಕೋದ ಪ್ರಗತಿ ಪ್ರಕಾಶನವೂ ಮುಂದೆ 1980ರ ದಶಕದಲ್ಲಿ ಅದರಿಂದ ಬೇರೆಯಾದ ರಾದುಗ ಪ್ರಕಾಶನವೂ ಅಚ್ಚು ಹಾಕಿಸಿದ ಕನ್ನಡ ಪುಸ್ತಕಗಳನ್ನು ಬೆಂಗಳೂರಿನ ನವಕರ್ನಾಟಕ ಪ್ರಕಾಶನ ತರಿಸಿ ಮಾರುತ್ತಿದ್ದ ಆ ಕಾಲದಲ್ಲಿ, ನೋಟುಬುಕ್ಕಿನ ಬೆಲೆಗೆ ದಪ್ಪ ಕಾಗದದ, ಬಣ್ಣದ ಚಿತ್ರಗಳ, ಮೂಗಿಗೆ ಹಿಡಿದರೆ ವಿಚಿತ್ರ ಅಂಟಿನ ವಾಸನೆ ಬರುವ ಪುಸ್ತಕಗಳು ತಾಲೂಕಿನ ಊರುಗಳಿಗೂ ತಲುಪುತ್ತಿದ್ದವು; 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದ ಮೇಲೆ ಆ ಹರಿವು ಬತ್ತಿತು. ಬಾಲಕನ ತಂದೆ ಹುಬ್ಬಳ್ಳಿಗೆ ಹೋದಾಗ ತಂದುಕೊಟ್ಟ ಅಂಥದೊಂದು ಜಾನಪದ ಕಥೆಗಳ ಪುಸ್ತಕದ ನಡುಪುಟದಲ್ಲಿ, ಮೂರು ತಲೆಯ ಹಸಿರು ಪ್ರಾಣಿಯೊಂದು ಸೇತುವೆಯ ಮೇಲೆ ಹೊಗೆ ಬಿಡುತ್ತ ನಿಂತಿತ್ತು. ಎದುರಿಗೆ ಕೆಂಪು ಅಂಗಿಯ ತರುಣನ ಕತ್ತಿ ಮೇಲೆದ್ದಿತ್ತು. ತುಂಡಾದ ಒಂದು ತಲೆ ಆಗಲೇ ನೆಲದ ಮೇಲೆ ಬಿದ್ದಿತ್ತು. ಪುಸ್ತಕ ಬಂದದ್ದು ಪಂಚಮಿಯ ಮುಂಚಿನ ವಾರ. ಸವಣೂರಿನಿಂದ ಬಂದಿದ್ದ ಆಯಿ, ಎಂದರೆ ತಾಯಿಯ ತಾಯಿ, ಮೊಮ್ಮಗ ಓದಿ ಹೇಳುತ್ತಿದ್ದ ಕಥೆಯನ್ನು ಎಲೆಗೆ ಸುಣ್ಣ ಹಚ್ಚುತ್ತ ಕೇಳುತ್ತಿದ್ದವಳು, ಸರ್ಪ ಎಂಬ ಮಾತು ಬಂದಾಗ ‘ತೋರಸು ನೋಡೂಣು’ ಎಂದು ಪುಸ್ತಕವನ್ನು ಕೈಗೆ ತೆಗೆದುಕೊಂಡಳು.

‘ಇದು ಹಾವಲ್ಲೋ ತಮ್ಮಾ, ಹಲ್ಲಿ. ಹಾವಿಗೆ ಕಾಲ ಎಲ್ಲಿರ್ತಾವ?’

‘ಇದರಾಗ ಹಂಗs ಬರದಾರ ಆಯಿ, ಘಟಸರ್ಪ ಅಂತ.’

ಆಯಿ ಪುಸ್ತಕವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು. ‘ಇರ್ಬೋದು ಬಿಡು. ಹಾವಿನ ಹೆಜ್ಜಿ ಹಾವಿಗೇ ಗೊತ್ತು’ ಎಂದವಳು, ಬಿದ್ದಿದ್ದ ತಲೆಯ ಮೇಲೆ ಬೆರಳಿಟ್ಟು, ‘ಯಾಕ ಕಡದಾನ ಅಂತ ಇಂವಾ? ಅದು ಇವನಿಗೇನು ಮಾಡಿತ್ತು?’ ಎಂದು ಕೇಳಿದಳು. ಕಥೆಯಲ್ಲಿ ಅದಕ್ಕೆ ಉತ್ತರವಿತ್ತು. ಆ ಸರ್ಪ ಊರುಗಳನ್ನು ಸುಟ್ಟಿತ್ತು, ಜನರನ್ನು ತಿಂದಿತ್ತು. ಆಯಿಗೆ ಅದು ಸಾಲಲಿಲ್ಲ. ಹಬ್ಬ ಕಳೆಯುವವರೆಗೆ ಪುಸ್ತಕವನ್ನು ನೆಲದ ಮೇಲೆ ಬಿಡಬಾರದು, ಯಾರೂ ತುಳಿಯಬಾರದು ಎಂದು ಅದನ್ನು ಜಗಲಿಯ ಮೇಲೆ, ಪ್ರಭಾವಳಿಯ ಪಕ್ಕದಲ್ಲಿ ಇಡಿಸಿದಳು. ಮಾಸ್ಕೋದಲ್ಲಿ ಅಚ್ಚಾದ ಪುಸ್ತಕವೊಂದು ಹಾನಗಲ್ಲಿನಲ್ಲಿ ನಾಲ್ಕು ದಿನ ದೇವರ ಹತ್ತಿರ ಕುಳಿತಿತು. ಅದನ್ನು ಮುದ್ರಿಸಿದವರ ನಾಸ್ತಿಕವಾದದ ದೃಷ್ಟಿಯಿಂದ ಇದು ಸ್ವಲ್ಪ ಮುಜುಗರದ ವಿಷಯವೇ.

ಆಯಿಯ ಪ್ರಶ್ನೆ ಮುಗ್ಧತೆಯಿಂದ ಹುಟ್ಟಿದ್ದಲ್ಲ, ಅದರ ಹಿಂದೊಂದು ಪರಂಪರೆಯಿದೆ. ಯುರೋಪಿನ ಕಥನದಲ್ಲಿ ಡ್ರ್ಯಾಗನ್ ಇರುವುದೇ ಸಾಯುವುದಕ್ಕಾಗಿ. ಅದನ್ನು ಕೊಂದವನು ವೀರ, ಸಂತ ಅಥವಾ ಅಳಿಯ ಆಗುತ್ತಾನೆ. ಭಾರತೀಯ ಪುರಾಣಗಳಲ್ಲಿಯೂ ಹಾವನ್ನು ಕೊಲ್ಲುವ ಕಥೆಗಳಿಲ್ಲವೆಂದಲ್ಲ. ಗೊಲ್ಲರ ಹುಡುಗರು ಗುಹೆಯೆಂದು ಬಗೆದು ಹೆಬ್ಬಾವಿನ ರೂಪದ ಅಘಾಸುರನ ಬಾಯೊಳಗೆ ನಡೆದುಹೋಗುವ ಭಾಗವತದ ಪ್ರಸಂಗವು ಯಾವ ಡ್ರ್ಯಾಗನ್ ಕಥೆಗೂ ಸರಿದೂಗುವಷ್ಟು ಭಯಾನಕವಾಗಿದೆ, ಅದರ ಕೊನೆಯೂ ಕೊಲೆಯೇ. ಆದರೆ ನೀರನ್ನು ತಡೆಹಿಡಿದ ವೃತ್ರನನ್ನು ಕೊಂದ ಇಂದ್ರನಿಗೆ ಗೆದ್ದ ಮೇಲೆಯೂ ಬ್ರಹ್ಮಹತ್ಯೆಯ ದೋಷ ಬೆನ್ನುಹತ್ತಿತು. ಮಡುವಿನ ಕಾಳಿಯನ ಹೆಡೆಗಳ ಮೇಲೆ ಕುಣಿದ ಕೃಷ್ಣ ಅವನ ಹೆಂಡಂದಿರ ಮೊರೆ ಕೇಳಿ ಅವನನ್ನು ಕೊಲ್ಲದೆ ಬೇರೆಡೆಗೆ ಕಳಿಸಿದ. ಹೆಬ್ಬಾವಾಗಿ ಬಿದ್ದಿದ್ದ ನಹುಷ ಭೀಮನನ್ನು ಸುತ್ತಿಕೊಂಡಾಗ ಅವನನ್ನು ಬಿಡಿಸಿದ್ದು ಗದೆಯಲ್ಲ, ಧರ್ಮರಾಯನು ಕೊಟ್ಟ ಉತ್ತರಗಳು. ಜನಮೇಜಯನ ಸರ್ಪಯಾಗವೇ ಆಸ್ತೀಕನ ಮಾತಿನಿಂದ ಅರ್ಧಕ್ಕೆ ನಿಂತಿತು. ಜೈನರಲ್ಲಿ ಹಾವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಉಪಸರ್ಗಕ್ಕೆ, ಎಂದರೆ ತಪಸ್ಸಿಗೊದಗಿದ ಪೀಡೆಗೆ, ಸಿಕ್ಕ ಪಾರ್ಶ್ವನಾಥನ ತಲೆಯ ಮೇಲೆ ಕೊಡೆಯಾಗಿ ನಿಲ್ಲುತ್ತದೆ. ಗುಣಭದ್ರಾಚಾರ್ಯರ ಉತ್ತರಪುರಾಣದೊಂದಿಗೆ ಹೆಸರು ಹೊಂದಿಕೊಂಡಿರುವ ಬಂಕಾಪುರದ ಸೀಮೆಗೆ ಈ ಚಿತ್ರ ಹೊಸದಲ್ಲ.

ಇದೇ ಹೊತ್ತಿಗೆ ಅಮರ ಚಿತ್ರಕಥೆಯ ಇತಿಹಾಸದಲ್ಲಿನ ಒಂದು ಸ್ವಾರಸ್ಯವನ್ನು ನೆನೆಯಬೇಕು. 1960ರ ದಶಕದ ನಡುವಿನಲ್ಲಿ ಬೆಂಗಳೂರಿನ ಜಿ. ಕೆ. ಅನಂತರಾಮ್ ಅವರ ಪ್ರಯತ್ನದಿಂದ ಕನ್ನಡದಲ್ಲಿ ಮೊದಲು ಹೊರಬಂದ ಆ ಮಾಲೆಯ ಆರಂಭದ ಪುಸ್ತಕಗಳು ಪಾಶ್ಚಾತ್ಯ ಕಿನ್ನರ ಕಥೆಗಳ ಅನುವಾದಗಳಾಗಿದ್ದವು. ಅನಂತ ಪೈ ಅವರ ‘ಕೃಷ್ಣ’ ಹನ್ನೊಂದನೆಯ ಸಂಖ್ಯೆಯನ್ನು ಹೊತ್ತು ಬಂದದ್ದು ಆಮೇಲೆ. ರೆಕ್ಕೆಯ ರಾಕ್ಷಸರ ಲೋಕದಿಂದ ಕಾಳಿಯನ ಮಡುವಿಗೆ ಬಂದ ಈ ದಾರಿಯನ್ನು ಕನ್ನಡದ ಮಕ್ಕಳು ಇತರರಿಗಿಂತ ಮೊದಲೇ ನಡೆದಿದ್ದರು. ‘ಚಂದಮಾಮ’ದ ವಿಷಯವಾದರೆ ಎಲ್ಲರಿಗೂ ತಿಳಿದದ್ದೇ: ತೆಲುಗಿನ ದಾಸರಿ ಸುಬ್ರಹ್ಮಣ್ಯಂ ಬರೆದು ‘ಚಿತ್ರಾ’ ಎಂಬ ಹೆಸರಿನ ಕಲಾವಿದರು ಚಿತ್ರಿಸಿದ ಧಾರಾವಾಹಿಗಳಲ್ಲಿ ಮೊಸಳೆ, ಹಕ್ಕಿ, ಹಾವುಗಳನ್ನು ಕೂಡಿಸಿದ ಪ್ರಾಣಿಗಳು ಧಾರಾಳವಾಗಿ ಬರುತ್ತಿದ್ದವು, ಮತ್ತು ಮಕರದ ಮಕ್ಕಳು ಅವನ್ನು ತಕರಾರಿಲ್ಲದೆ ಒಪ್ಪಿಕೊಂಡರು.

ಹಿರೇಕೆರೂರಿನ ಕಡೆಯ ನೆನಪು ಬೇರೆ ಬಣ್ಣದ್ದು. ಅದು ಕೆರೆಗಳ ಸೀಮೆ. ಕುಮುದ್ವತಿಗೆ ಅಡ್ಡಲಾಗಿ ಎರಡು ಗುಡ್ಡಗಳ ನಡುವೆ ಕಟ್ಟಿದ ಮದಗ–ಮಾಸೂರಿನ ಕೆರೆಯಂತೂ ಹೆಸರಾದದ್ದು. ರಾತ್ರಿ ಊಟವಾದ ಮೇಲೆ ಚಿಗವ್ವನ ಮನೆಯ ಪಡಸಾಲೆಯಲ್ಲಿ ಹೆಂಗಸರು ಹಾಡುತ್ತಿದ್ದ ‘ಕೆರೆಗೆ ಹಾರ’ದ ಕಥೆ ಕನ್ನಡಿಗರಿಗೆಲ್ಲ ಗೊತ್ತು: ಕಲ್ಲನಕೇರಿಯ ಮಲ್ಲನಗೌಡ ಕಟ್ಟಿಸಿದ ಕೆರೆಯಲ್ಲಿ ನೀರು ಬೀಳದಿದ್ದಾಗ ಜೋಯಿಸರು ಹೊತ್ತಗೆ ತೆಗೆದು ಬಲಿ ಬೇಡಿದೆ ಎನ್ನುತ್ತಾರೆ, ಮನೆಯವರು ಕಿರಿಯ ಸೊಸೆ ಭಾಗೀರಥಿಯನ್ನು ಆರಿಸುತ್ತಾರೆ, ದಂಡಿನಲ್ಲಿದ್ದ ಗಂಡ ತಡವಾಗಿ ಬಂದು ತಾನೂ ಹಾರುತ್ತಾನೆ. ಹಾಡು ಮುಗಿಯುವ ಹೊತ್ತಿಗೆ ಚಿಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ಕಂದೀಲಿನ ಬೆಳಕಿನಲ್ಲಿ ಕಂಡ ಬಾಲಕ ಮುಂದೆ ಕಾಲೇಜಿನಲ್ಲಿ ಸಂತ ಜಾರ್ಜನ ಕಥೆಯನ್ನು ಓದಿದಾಗ ಅವನಿಗೆ ಮೊದಲು ಹೊಳೆದದ್ದು ಆ ಪಡಸಾಲೆಯೇ. ಹದಿಮೂರನೆಯ ಶತಮಾನದ ‘ಸುವರ್ಣ ಪುರಾಣ’ವೆಂಬ ಲ್ಯಾಟಿನ್ ಸಂತಚರಿತ್ರೆಯಲ್ಲಿ ಡ್ರ್ಯಾಗನ್ ವಾಸಿಸುವುದು ಊರ ಹೊರಗಿನ ಕೆರೆಯಲ್ಲಿ, ಊರಿನವರು ಅದಕ್ಕೆ ಕುರಿ ಕೊಡುತ್ತಾರೆ, ಕುರಿ ಮುಗಿದ ಮೇಲೆ ಚೀಟಿಯೆತ್ತಿ ಮಕ್ಕಳನ್ನು ಕೊಡುತ್ತಾರೆ, ಚೀಟಿ ರಾಜನ ಮಗಳ ಹೆಸರಿಗೆ ಬಂದಾಗ ಕುದುರೆಯೇರಿದ ಜಾರ್ಜ್ ಬರುತ್ತಾನೆ. ಕೆರೆ, ಊರು, ಹೆಣ್ಣು ಎಂಬ ಮೂರೂ ಎರಡು ಕಥೆಗಳಲ್ಲಿ ಸಮನಾಗಿವೆ. ವ್ಯತ್ಯಾಸವೆಂದರೆ ಕನ್ನಡದ ಹಾಡಿನಲ್ಲಿ ಡ್ರ್ಯಾಗನ್ ಇಲ್ಲ. ಕೇಳುವುದು ಬರಿಯ ಕೆರೆ, ಅಂದರೆ ಕೆರೆಯ ಹೆಸರಿನಲ್ಲಿ ಊರ ಹಿರಿಯರು. ಬೈಯಲು ಒಂದು ಹಲ್ಲಿನ ಸಾಲಾಗಲಿ, ಕಡಿಯಲು ಒಂದು ಕುತ್ತಿಗೆಯಾಗಲಿ ಅಲ್ಲಿ ಸಿಗುವುದಿಲ್ಲ. ತ್ರಿನಾ ಶಾರ್ಟ್ ಹೈಮನ್ ಚಿತ್ರಿಸಿ 1985ರಲ್ಲಿ ಅಮೆರಿಕದ ಕಾಲ್ಡೆಕಾಟ್ ಪದಕ ಪಡೆದ ಸಂತ ಜಾರ್ಜನ ಚಿತ್ರಪುಸ್ತಕದಲ್ಲಿ ಡ್ರ್ಯಾಗನ್ ಪುಟದ ಚೌಕಟ್ಟನ್ನೇ ಮೀರುವಷ್ಟು ದೊಡ್ಡದಾಗಿದೆ. ಅಷ್ಟು ದೊಡ್ಡ ಪ್ರಾಣಿಯನ್ನು ಬರೆದರೆ ಅದರ ಹಿಂದೆ ಒಂದಿಡೀ ಊರು ಅಡಗಿ ಕುಳಿತುಕೊಳ್ಳಬಹುದು. ಭಾಗೀರಥಿಯ ಊರಿಗೆ ಆ ಅನುಕೂಲವಿರಲಿಲ್ಲ.

ಬಂಕಾಪುರದಲ್ಲಿ ಡ್ರ್ಯಾಗನ್ನಿಗೆ ಕೆಲಸ ಸಿಕ್ಕಿತ್ತು, ಕಾವಲಿನ ಕೆಲಸ. ಹಾಳು ಕೋಟೆಯಿದ್ದಲ್ಲಿ ಹೂತಿಟ್ಟ ಹೊನ್ನಿರುತ್ತದೆ, ಹೊನ್ನಿದ್ದಲ್ಲಿ ಅದನ್ನು ಕಾಯುವ ಸರ್ಪವಿರುತ್ತದೆ ಎಂಬ ನಂಬಿಕೆ ನಾಡಿನ ಎಲ್ಲ ಕೋಟೆಗಳಂತೆ ಅಲ್ಲಿಯೂ ಇತ್ತು. ಬಂಗಾರದ ರಾಶಿಯ ಮೇಲೆ ಮಲಗುವ ಪಾಶ್ಚಾತ್ಯ ಡ್ರ್ಯಾಗನ್ ಈ ಒಂದು ವಿಷಯದಲ್ಲಿ ಅಪ್ಪಟ ದೇಶೀಯನಂತೆ ನಡೆದುಕೊಳ್ಳುತ್ತದೆ. ಅತ್ತೆಯ ಮಕ್ಕಳೊಡನೆ ಕೋಟೆಯೊಳಗಿನ ನಗರೇಶ್ವರ ಗುಡಿಗೆ, ಊರವರ ಬಾಯಲ್ಲಿ ಅರವತ್ತು ಕಂಬದ ಗುಡಿಗೆ, ಹೋದಾಗ ಕಂಬಗಳನ್ನು ಎಣಿಸುವ ಪಂದ್ಯ ಕಟ್ಟಿದರೂ ಕಣ್ಣು ಮಾತ್ರ ಬುಡದ ಬಿಲಗಳ ಮೇಲಿರುತ್ತಿತ್ತು. ಒಮ್ಮೆಯೂ ಸರ್ಪ ಕಾಣಲಿಲ್ಲ, ಕಂಡದ್ದೆಲ್ಲ ನವಿಲು. ಹಾವನ್ನು ಕೊಲ್ಲುವ ಹಕ್ಕಿಗಳ ಆ ಬೀಡು 2006ರಲ್ಲಿ ನವಿಲುಧಾಮವೆಂದೇ ಘೋಷಿತವಾಯಿತು. ಅದೇ ತಾಲೂಕಿನ ಶಿಶುನಾಳದ ಶರೀಫರ ಹಾಡುಗಳಲ್ಲಿ ಕೋಳಿಯು ಕೋಡಗವನ್ನು ನುಂಗುವಂಥ ತಲೆಕೆಳಗಿನ ಚಿತ್ರಗಳಿರುವುದು, ಹೇಳಬೇಕಾದದ್ದನ್ನು ಒಗಟಿನೊಳಗೆ ಮುಚ್ಚಿಡುವ ‘ಬೆಡಗು’ ಎಂಬ ಶರಣರ ಕಾಲದ ಪದ್ಧತಿಗೆ ಸೇರಿದ್ದು. ಭಜನೆಯಲ್ಲಿ ಅವನ್ನು ಕೇಳಿ ಬೆಳೆದ ಮಗುವಿಗೆ ಬೆಂಕಿಯುಗುಳುವ ಹಲ್ಲಿ ಏನು ಮಹಾ ಆಶ್ಚರ್ಯ?

ಹೊರಗಿನಿಂದ ಬಂದ ವಸ್ತುವಿಗೆ ಒಳಗಿನ ಹೆಸರು ಕೊಡುವ ಕೆಲಸದ ಅತ್ಯಂತ ದೊಡ್ಡ ಮಾದರಿ ಸವಣೂರಿನಲ್ಲಿದೆ. ನವಾಬರ ಆ ಊರಿನ ಮಠದ ಆವರಣದ ಭಾರಿ ಮರಗಳು ಸಸ್ಯಶಾಸ್ತ್ರದ ಪ್ರಕಾರ ಆಫ್ರಿಕಾದ ಬಾವೊಬಾಬ್. ಆನೆಯ ಕಾಲಿನಂತೆ ಊದಿದ ಅವುಗಳ ಬೂದುಬಣ್ಣದ ಕಾಂಡವನ್ನು ತಬ್ಬಲು ಹತ್ತಾರು ಜನ ಬೇಕು. ಅವುಗಳ ಕಾಯೊಳಗಿನ ತಿರುಳು ಹುಳಿಯಾಗಿರುವುದನ್ನು ಕಂಡ ಜನ ಅವನ್ನು ‘ದೊಡ್ಡ ಹುಣಸೆ’ ಎಂದರು. ಹುಣಸೆಗೂ ಅದಕ್ಕೂ ಎಲೆಯಲ್ಲಾಗಲಿ ಆಕಾರದಲ್ಲಾಗಲಿ ಹೋಲಿಕೆಯಿಲ್ಲ, ಆದರೂ ಹೆಸರು ನಿಂತಿತು, ಮಠಕ್ಕೂ ಆ ಹೆಸರೇ ಬಂದಿತು. ಡ್ರ್ಯಾಗನ್ ಘಟಸರ್ಪವಾದದ್ದೂ ಇದೇ ನ್ಯಾಯದಿಂದ: ಒಂದು ಗುಣ ಹೊಂದಿದರೆ ಸಾಕು, ಉಳಿದದ್ದನ್ನು ಕಣ್ಣು ತಾನೇ ಹೊಂದಿಸಿಕೊಳ್ಳುತ್ತದೆ. (ಫ್ರೆಂಚ್ ಲೇಖಕ ಸೇಂತ್‌ ಎಕ್ಸೂಪೆರಿಯ 1943ರ ‘ಪುಟ್ಟ ರಾಜಕುಮಾರ’ದಲ್ಲಿ ಆನೆಯನ್ನು ನುಂಗಿದ ಹಾವಿನ ಚಿತ್ರವನ್ನು ದೊಡ್ಡವರೆಲ್ಲ ಟೋಪಿಯೆಂದು ಓದುತ್ತಾರೆ, ಬಾವೊಬಾಬ್ ಮರಗಳು ಪುಟ್ಟ ಗ್ರಹವೊಂದನ್ನು ಒಡೆದುಹಾಕುವ ಭೂತಗಳಾಗಿ ಬರುತ್ತವೆ. ಸವಣೂರಿನಲ್ಲಿ ಬೆಳೆದವರಿಗೆ ಎರಡನೆಯ ಭಯ ಅರ್ಥವಾಗುವುದು ಕಷ್ಟ. ಆ ಮರದ ಬುಡದಲ್ಲಿ ಅವರು ಲಗೋರಿ ಆಡಿದ್ದಾರೆ.)

ಇತ್ತೀಚಿನ ಚಿತ್ರಪುಸ್ತಕಗಳಲ್ಲಿ ಡ್ರ್ಯಾಗನ್‌ನ ಸ್ವಭಾವವೇ ಬದಲಾಗಿದೆ. ಕೆನೆತ್ ಗ್ರಹಾಂ 1898ರಲ್ಲಿಯೇ ಜಗಳವೊಲ್ಲದ, ಕವಿತೆ ಕಟ್ಟುವ ಡ್ರ್ಯಾಗನ್ ಒಂದನ್ನು ಸೃಷ್ಟಿಸಿದ್ದರೂ ಆ ಜಾತಿ ಹಬ್ಬಿದ್ದು ಆಮೇಲೆ: ಜ್ಯಾಕ್ ಕೆಂಟ್‌ನ 1975ರ ಪುಸ್ತಕದಲ್ಲಿ, ಇಲ್ಲವೇ ಇಲ್ಲ ಎಂದು ತಾಯಿ ಹೇಳಿದಷ್ಟೂ ಅದು ಬೆಳೆಯುತ್ತದೆ, ತಲೆ ಸವರಿದರೆ ಕುಗ್ಗುತ್ತದೆ, ಜೂಲಿಯಾ ಡೊನಾಲ್ಡ್‌ಸನ್ ಬರೆದು ಆಕ್ಸೆಲ್ ಶೆಫ್ಲರ್ ಚಿತ್ರಿಸಿದ 2010ರ ‘ಜಾಗ್’ ಶಾಲೆಗೆ ಹೋಗಿ ಪದೇ ಪದೇ ಪೆಟ್ಟು ಮಾಡಿಕೊಳ್ಳುವ ಮರಿ. ವೀರನ ಕತ್ತಿ ಇಲ್ಲಿ ಮಾಯವಾಗಿದೆ. ಆಯಿಯ ಪ್ರಶ್ನೆಗೆ ಇಂಗ್ಲಿಷಿನವರು ತಡವಾಗಿಯಾದರೂ ಕಿವಿಗೊಟ್ಟರೆಂದು ಹೇಳಬಹುದಾದರೂ, ಹಾಲೆರೆಯುವಾಗ ಮಗುವಿನ ಕೈ ತುಸು ನಡುಗುತ್ತಿತ್ತಲ್ಲ, ಆ ನಡುಕವೂ ಈ ಪುಸ್ತಕಗಳಿಂದ ಹೋಗಿಬಿಟ್ಟಿದೆ. ಮುದ್ದಾದ ಡ್ರ್ಯಾಗನ್ ಕೊನೆಗೆ ರೆಕ್ಕೆಯ ನಾಯಿಮರಿಯೇ. ಕನ್ನಡದಲ್ಲಿ ಈಗ ಘಟಸರ್ಪ ಎಂಬ ಪದ ಹಿಂದೆ ಸರಿದು ಡ್ರ್ಯಾಗನ್ ಎಂಬುದೇ ನೆಲೆಯೂರಿದೆ. ಸಂತೆಯಲ್ಲಿ ಗುಲಾಬಿ ಬಣ್ಣದ ಡ್ರ್ಯಾಗನ್ ಹಣ್ಣು ತಿಂದ ಮಕ್ಕಳಿಗೆ ಹಣ್ಣಿನಿಂದ ಪ್ರಾಣಿಯ ಹೆಸರು ಬಂದಿರಬೇಕೆಂಬ ಊಹೆಯೂ ಇರುವುದುಂಟು. ಬೆಂಗಳೂರಿನ ಪ್ರಥಮ್ ಬುಕ್ಸ್, ಚೆನ್ನೈನ ತೂಲಿಕಾ ಮೊದಲಾದವರು ಕನ್ನಡದಲ್ಲಿ ಅಗ್ಗವಾದ ಒಳ್ಳೆಯ ಚಿತ್ರಪುಸ್ತಕಗಳನ್ನು ತಂದಿರುವ ಈ ಕಾಲದಲ್ಲಿಯೂ ಗೋಡೆಗೆ ತೂಗುಹಾಕುವ ಅಕ್ಷರಮಾಲೆಯಲ್ಲಿ ‘ಮ’ ಎಂದರೆ ಸಾಮಾನ್ಯವಾಗಿ ಮರ ಅಥವಾ ಮಂಗ. ಮಕರ ಅಲ್ಲಿಗೆ ಬಂದಿಲ್ಲ.

ಕೆಲವು ವರ್ಷಗಳ ಹಿಂದೆ, ಶ್ರಾವಣದ ಒಂದು ಮಧ್ಯಾಹ್ನ, ಆ ಹಳೆಯ ಬಾಲಕ ತನ್ನ ಏಳು ವರ್ಷದ ಮೊಮ್ಮಗಳೊಡನೆ ಊರಿನ ಹಳೆಯ ಗುಡಿಯೊಂದಕ್ಕೆ ಹೋದಾಗ ಮಳೆ ಹಿಡಿದು, ಇಬ್ಬರೂ ಗೋಡೆಗಂಟಿ ನಿಲ್ಲಬೇಕಾಯಿತು. ಹುಡುಗಿ ಮಕರವನ್ನು ನೋಡಿದ ಕೂಡಲೇ ಡ್ರ್ಯಾಗನ್ ಎಂದಳು. ಸೊಂಡಿಲಿನ ಬಗ್ಗೆ ಅವಳಿಗೆ ಯಾವ ತಕರಾರೂ ಇರಲಿಲ್ಲ. ಅದರ ಬಾಯೊಳಗೆ ಬೆರಳು ಹಾಕಿ ಹಲ್ಲೆಣಿಸುತ್ತ, ಕತ್ತಿ ಹಿಡಿದ ಪುಟ್ಟ ಆಳನ್ನು ಮುಟ್ಟಿ, ‘ಅಜ್ಜಾ, ಇಂವಾ ಒಳಗ ಹೊಂಟಾನೋ, ಹೊರಗ ಬರಾಕತ್ತಾನೋ?’ ಎಂದು ಕೇಳಿದಳು. ಅಜ್ಜ ಕನ್ನಡಕ ಒರೆಸಿಕೊಂಡು ನೋಡಿದ. ಆಳಿನ ಮುಖ ಹೊರಗಿತ್ತು, ಮುಂದಿನ ಕಾಲು ಹೆಜ್ಜೆಯಿಡಲು ಎತ್ತಿತ್ತು. ಪಕ್ಕದ ಇನ್ನೊಂದು ಮಕರದ ಬಾಯಿಂದ ಕಲ್ಲಿನ ಹಾರವೂ ಬಳ್ಳಿಯೂ ಹೊರಬರುತ್ತಿದ್ದವು. ನುಂಗುತ್ತಿದ್ದದ್ದು ಯಾವುದೂ ಇರಲಿಲ್ಲ. ಐವತ್ತು ವರ್ಷ ಅದೇ ಗೋಡೆಯ ಮುಂದೆ ಓಡಾಡಿದವನಿಗೆ ಇದು ತಿಳಿದಿರಲಿಲ್ಲ. ಅಷ್ಟರಲ್ಲಿ ಹುಡುಗಿ ಉತ್ತರಕ್ಕೆ ಕಾಯದೆ ಗರ್ಭಗುಡಿಯ ಹೊರಗೋಡೆಯ ಪ್ರಣಾಳದ ಹತ್ತಿರ, ಎಂದರೆ ಅಭಿಷೇಕದ ನೀರು ಹೊರಬೀಳುವ ಕಲ್ಲಿನ ದೋಣಿಯ ಹತ್ತಿರ, ಹೋಗಿದ್ದಳು. ಅದರ ತುದಿಗೂ ಒಂದು ಸವೆದ ಮಕರಮುಖವಿದೆ. ಮಾಡಿನಿಂದ ಸೋರಿದ ಮಳೆನೀರು ಅದರ ಬಾಯಿಂದ ಬೀಳುತ್ತಿತ್ತು. ಅವಳು ಎರಡೂ ಕೈ ಬೊಗಸೆ ಮಾಡಿ ಅದರ ಕೆಳಗೆ ಹಿಡಿದಿದ್ದಳು.